ಮೊದಲ ದಿನ ಬಂದದ್ದು 38 ರೂಪಾಯಿ

ಬ್ಯಾಂಕ್ ಪರೀಕ್ಷೆಗೆ ಓದುವವರಿಗೆ ಈ ದಿನಾಂಕ ಬಾಯಿಪಾಠ: 2020ರ ಏಪ್ರಿಲ್ 1, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಯಿತು. ಬೋರ್ಡುಗಳಿಂದ ಹೆಸರು ಹೋಯಿತು. ಅದು ಹುಟ್ಟಿದ ಮನೆ ಮಾತ್ರ ಉಡುಪಿಯಲ್ಲಿ ಇನ್ನೂ ಇದೆ.

ಬಿಇ ಓದುತ್ತಿರುವ ನಾನು ಕುಂದಾಪುರದಲ್ಲಿ ಬಸ್ ಹತ್ತಿ, ಬ್ರಹ್ಮಾವರ ದಾಟಿ, ಅದನ್ನು ನೋಡಲೆಂದೇ ಹೋದೆ. ಹೆಂಚಿನ ಮಾಡಿನ ಹಳೇ ಮನೆ. ಬ್ಯಾಂಕ್ ಎಂಬ ಗತ್ತೇ ಇಲ್ಲ! ಸಾಲದ ಬಡ್ಡಿಯಿಂದ ಜನರನ್ನು ಬಿಡಿಸಲು ಹಾಜಿ ಅಬ್ದುಲ್ಲಾ ಸಾಹೇಬರು 1906ರಲ್ಲಿ 5,000 ರೂಪಾಯಿ ಬಂಡವಾಳದಲ್ಲಿ ನಿಧಿ ತೆರೆದರು. ಮೊದಲ ದಿನದ ಜಮೆ 38 ರೂಪಾಯಿ 13 ಆಣೆ 2 ಪೈ. ಮೊದಲ ಶಾಖೆ 1923ರಲ್ಲಿ ತೆರೆದದ್ದು ನಮ್ಮ ಕುಂದಾಪುರದಲ್ಲೇ. ನನ್ನ ಗೆಳೆಯರಲ್ಲಿ ಯಾರಿಗೂ ಇದು ಗೊತ್ತಿರಲಿಲ್ಲ.

ಈಗ ಆ ಮನೆಯಲ್ಲಿ ನಾಣ್ಯ ಸಂಗ್ರಹಾಲಯವಿದೆ. ಹೋದರೆ ನಾಣ್ಯ ನೋಡಿ, ಆಮೇಲೆ ತಲೆಯೆತ್ತಿ ಮಾಡನ್ನೂ ನೋಡಿ.