ಶರಣದಂಪತಿಗಳ ಅಂಕಿತವಿಚಾರ

ಕವಿದಂಪತಿಗಳು ನಮ್ಮ ವಾಙ್ಮಯಕ್ಕೆ ಅಪರಿಚಿತರಲ್ಲ. ರಾಜಶೇಖರನು ತನ್ನ ಕಾವ್ಯಮೀಮಾಂಸೆಯಲ್ಲಿ ಪೂರ್ವಾಚಾರ್ಯರ ಮತಗಳೊಡನೆ ಪತ್ನಿಯಾದ ಅವಂತಿಸುಂದರಿಯ ಮತವನ್ನೂ ಹೆಸರಿಟ್ಟು ಉದಾಹರಿಸಿರುವನು. ಆದರೆ ಆಕೆಯ ಆ ಮತಗಳು ನಮಗೆ ದೊರೆತಿರುವುದು ಪತಿಯ ಗ್ರಂಥದ ಮುಖದಿಂದ. ಹನ್ನೆರಡನೆಯ ಶತಮಾನದ ಶರಣದಂಪತಿಗಳ ವಿಷಯ ಹಾಗಲ್ಲ. ಅಲ್ಲಿ ಪತಿಯ ವಚನಗಳು ಬೇರೆ, ಪತ್ನಿಯ ವಚನಗಳು ಬೇರೆ. ಈ ಭೇದವನ್ನು ನಿರ್ಣಯಿಸಲು ನಮಗಿರುವ ಮುಖ್ಯ ಸಾಧನವು ಅಂಕಿತ.

ಅಂಕಿತದ ಪ್ರಯೋಜನವನ್ನು ಕೋಲಾರದ ಸೀಮೆಯವರಿಗೆ ವಿವರಿಸಬೇಕಾದುದಿಲ್ಲ. ಗೌನಿಪಲ್ಲಿಯಂತಹ ಗಡಿಯೂರುಗಳ ಕಡೆ ಕೈವಾರದ ನಾರೇಯಣಪ್ಪನವರ ತೆಲುಗು-ಕನ್ನಡ ಪದಗಳನ್ನು ಹಾಡುವಾಗ, ಕೊನೆಯ ಮುದ್ರಿಕೆಯನ್ನು ಕೇಳಿದೊಡನೆ ಅಕ್ಷರವರಿಯದವನೂ ಕರ್ತೃವನ್ನು ಗುರುತಿಸಬಲ್ಲನು. ವಚನಗಳಲ್ಲಿಯೂ ಕ್ರಮವು ಇದೇ.

ಆಯ್ದಕ್ಕಿ ಮಾರಯ್ಯನ ಅಂಕಿತವು 'ಅಮರೇಶ್ವರಲಿಂಗ'. ಪತ್ನಿ ಲಕ್ಕಮ್ಮನದು 'ಮಾರಯ್ಯಪ್ರಿಯ ಅಮರೇಶ್ವರಲಿಂಗ'. ಮೋಳಿಗೆಯ ಮಾರಯ್ಯನದು 'ನಿಃಕಳಂಕ ಮಲ್ಲಿಕಾರ್ಜುನ'. ಮಹಾದೇವಿಯದು 'ಎನ್ನಯ್ಯಪ್ರಿಯ ಇಮ್ಮಡಿ ನಿಃಕಳಂಕ ಮಲ್ಲಿಕಾರ್ಜುನ'. ಹಡಪದ ಅಪ್ಪಣ್ಣನದು 'ಬಸವಪ್ರಿಯ ಕೂಡಲಚೆನ್ನಬಸವಣ್ಣ'. ಲಿಂಗಮ್ಮನದು 'ಅಪ್ಪಣ್ಣಪ್ರಿಯ ಚೆನ್ನಬಸವಣ್ಣ'.

ಪತ್ನಿಯ ಅಂಕಿತದಲ್ಲಿ ಪತಿಯ ನಾಮವಿರುವುದರಿಂದ ಆಕೆ ಅವನ ಅನುಗಾಮಿನಿಮಾತ್ರಳೆಂದು ಕೆಲವರು ಊಹಿಸಬಹುದು. ಈ ಊಹೆಯು ನಿಲ್ಲಲಾರದು. 'ಮಾರಯ್ಯಪ್ರಿಯ' ಎಂಬುದನ್ನು ಮಾರಯ್ಯನಿಗೆ ಪ್ರಿಯನಾದವನೆಂದು ತತ್ಪುರುಷವಾಗಿ ಬಿಡಿಸಿದರೂ, ಮಾರಯ್ಯನು ಯಾವನಿಗೆ ಪ್ರಿಯನೋ ಅವನೆಂದು ಬಹುವ್ರೀಹಿಯಾಗಿ ಬಿಡಿಸಿದರೂ, ವಿಶೇಷ್ಯವು ಅಮರೇಶ್ವರಲಿಂಗವೇ ಹೊರತು ಲಕ್ಕಮ್ಮನಲ್ಲ. ಮೇಲಾಗಿ ಅಪ್ಪಣ್ಣನೂ ತನ್ನ ಅಂಕಿತದಲ್ಲಿ ಬಸವಣ್ಣನನ್ನು ಹೀಗೆಯೇ ಸ್ಮರಿಸಿರುವನು. ಆದುದರಿಂದ ಇದು ಗೌರವಸೂಚಕವಾದ ಪದ್ಧತಿಯೇ ಹೊರತು ಸ್ತ್ರೀಯರಿಗೆ ಮಾತ್ರ ವಿಧಿಸಿದ ನಿಯಮವಲ್ಲ.

ವಚನಗಳ ಅರ್ಥವೂ ಇದನ್ನೇ ಸಮರ್ಥಿಸುವುದು. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದ ಮಾರಯ್ಯನು ಒಂದು ದಿನ ಅಳತೆಗೆ ಮೀರಿ ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಚೆಲ್ಲಿ ಬರುವಂತೆ ಲಕ್ಕಮ್ಮನು ವಿಧಿಸಿದಳೆಂದು ಪರಂಪರೆಯು ಹೇಳುವುದು. ಸೌದೆಯ ಹೊರೆ ಮಾರಿ ಜೀವಿಸುತ್ತಿದ್ದ ಮೋಳಿಗೆಯ ಮಾರಯ್ಯನು ಐಕ್ಯವನ್ನು ಬಯಸಿದಾಗ, ಬಯಕೆಯಲ್ಲಿಯೇ ಭೇದವಿದೆಯೆಂದು ಮಹಾದೇವಿಯು ಬೋಧಿಸುವಳು. ಈ ಸಂವಾದಗಳನ್ನು ಶೂನ್ಯಸಂಪಾದನೆಯಲ್ಲಿ ಜೋಡಿಸಿದವರು ಶತಮಾನಗಳ ಅನಂತರದ ಸಂಕಲನಕಾರರೆಂಬುದು ನಿಜ; ಆದರೂ ಪ್ರತಿಯೊಂದು ವಚನವೂ ತನ್ನ ಅಂಕಿತವನ್ನು ತಾನೇ ಹೊತ್ತಿದೆ.

ಇಲ್ಲಿಯೇ ಸಂಪಾದಕರ ಹೊಣೆಯು ಅಡಗಿರುವುದು. ಲಿಪಿಕಾರನು 'ಮಾರಯ್ಯಪ್ರಿಯ' ಎಂಬ ಒಂದು ಪದವನ್ನು ಬಿಟ್ಟನಾದರೆ ಲಕ್ಕಮ್ಮನ ವಚನವು ಆ ಕ್ಷಣವೇ ಮಾರಯ್ಯನದಾಗುವುದು! ಆದಕಾರಣ ಪಾಠಾಂತರಗಳಲ್ಲಿ ಅಂಕಿತಭೇದವನ್ನು ಅಲ್ಪವೆಂದು ಎಣಿಸಲಾಗದು.

ಅಧ್ಯಾಪಕರಿಗೂ ಒಂದು ವಿಜ್ಞಾಪನೆಯುಂಟು. 1993ರಲ್ಲಿ ಕರ್ನಾಟಕ ಸರ್ಕಾರವು 15 ಭಾಗಗಳಲ್ಲಿ ಪ್ರಕಟಿಸಿದ ಸಮಗ್ರ ವಚನ ಸಂಪುಟದಲ್ಲಿ ಐದನೆಯದು ಶಿವಶರಣೆಯರಿಗೆ ಮೀಸಲಾಗಿದೆ. ಶರಣೆಯರ ವಾಣಿಯೆಲ್ಲವೂ ಒಂದೆಡೆ ದೊರೆತುದು ಮಹೋಪಕಾರವೇ ಸರಿ. ಆದರೆ ಅದರಿಂದ ಪತಿಯು ಒಂದು ಸಂಪುಟದಲ್ಲಿಯೂ ಪತ್ನಿಯು ಮತ್ತೊಂದರಲ್ಲಿಯೂ ಉಳಿದರು. ಪಾಠ ಹೇಳುವಾಗಲಾದರೂ ಎರಡನ್ನೂ ಒಟ್ಟಿಗೆ ತೆರೆದಿಟ್ಟುಕೊಂಡರೆ, ಉತ್ತರವಾಗಿ ಹುಟ್ಟಿದ ಮಾತು ತನ್ನ ಪ್ರಶ್ನೆಯೊಡನೆ ವಿದ್ಯಾರ್ಥಿಗಳಿಗೆ ಕೇಳಿಸುವುದು.