ಹಲ್ಲು ಕಿತ್ತ ಮೇಲೆ ಒಸಡಿನಿಂದ ಹೊರಬರುವ ಎಲುಬಿನ ಚೂರು

ಬಹುದಿನ ಕಾಡಿದ ದವಡೆ ಹಲ್ಲನ್ನು ಕೀಳಿಸಿಕೊಂಡು ಎರಡು ವಾರ ಕಳೆದಿರುತ್ತದೆ. ಬಾವು ಇಳಿದು, ಊಟ ಮೊದಲಿನಂತೆ ಸೇರುತ್ತಿರುತ್ತದೆ. ಅಷ್ಟರಲ್ಲಿ ಒಂದು ದಿನ ನಾಲಿಗೆಯ ತುದಿಗೆ ಒಸಡಿನಲ್ಲಿ ಮುಳ್ಳಿನಂತಹ ಗಟ್ಟಿ ವಸ್ತುವೊಂದು ತಾಕುತ್ತದೆ. ವೈದ್ಯರು ಹಲ್ಲಿನ ತುಂಡನ್ನು ಒಳಗೇ ಬಿಟ್ಟರೇನೋ ಎಂಬ ಸಂಶಯ ಮೂಡುತ್ತದೆ. ಕೆಲವರು ಸೂಜಿಯಿಂದ ಕೆದಕುತ್ತಾರೆ. ಮತ್ತೆ ಕೆಲವರು ಹೆದರಿ ಆಸ್ಪತ್ರೆಯ ಕಡೆಗೇ ಹೋಗುವುದಿಲ್ಲ. ಇವೆರಡೂ ತಪ್ಪು. ಅಪರೂಪಕ್ಕೆ ಅದು ಹಲ್ಲಿನ ಬೇರಿನ ತುಂಡಾಗಿರಬಹುದಾದರೂ, ಬಹುಪಾಲು ಅದು ದವಡೆಯ ಎಲುಬಿನ ಚೂರೇ ಆಗಿರುತ್ತದೆ. ಅದು ಏಕೆ ಬರುತ್ತದೆ, ಯಾವಾಗ ಕಾಯಬಹುದು, ಯಾವಾಗ ಕಾಯಬಾರದು ಎಂಬುದನ್ನು ಇಲ್ಲಿ ತಿಳಿಯೋಣ.

ಹಲ್ಲು ಒಸಡಿನಲ್ಲಿ ಸುಮ್ಮನೆ ನಾಟಿಕೊಂಡಿರುವುದಲ್ಲ. ಅದರ ಬೇರುಗಳು ದವಡೆಯ ಎಲುಬಿನಲ್ಲಿರುವ ಕುಳಿಯೊಳಗೆ ಸೂಕ್ಷ್ಮವಾದ ನಾರುಗಳಿಂದ ಬಿಗಿಯಲ್ಪಟ್ಟಿರುತ್ತವೆ. ಹಲ್ಲನ್ನು ತೆಗೆಯುವಾಗ ವೈದ್ಯರು ಆ ನಾರುಗಳನ್ನು ಬಿಡಿಸಿ, ಕುಳಿಯ ಗೋಡೆಯನ್ನು ಮೆಲ್ಲನೆ ಹಿಗ್ಗಿಸಬೇಕಾಗುತ್ತದೆ. ಈ ಗೋಡೆ ಹಲವೆಡೆ ಬಹಳ ತೆಳು. ಎರಡು ಮೂರು ಬೇರುಗಳಿರುವ ದವಡೆ ಹಲ್ಲಿನಲ್ಲಿ ಬೇರುಗಳ ನಡುವೆಯೂ ತೆಳುವಾದ ಎಲುಬಿನ ಅಡ್ಡಗೋಡೆ ಇರುತ್ತದೆ. ಎಷ್ಟೇ ಎಚ್ಚರಿಕೆಯಿಂದ ತೆಗೆದರೂ ಇದರ ಸಣ್ಣ ಸಿಬಿರು ಮುರಿಯಬಹುದು. ರಕ್ತ ಸಂಚಾರ ತಪ್ಪಿದ ಆ ಸಿಬಿರು ನಿರ್ಜೀವವಾಗುತ್ತದೆ. ಅಂಗಾಲಿಗೆ ಹೊಕ್ಕ ಮುಳ್ಳನ್ನು ದೇಹವು ದಿನಗಳೆದಂತೆ ಹೊರದೂಡುವ ಹಾಗೆ, ಈ ಚೂರನ್ನೂ ಒಸಡಿನ ಮೂಲಕ ಹೊರಗೆ ಕಳುಹಿಸುತ್ತದೆ. ಆದ್ದರಿಂದ ಚೂರು ಕಂಡ ಮಾತ್ರಕ್ಕೆ ವೈದ್ಯರನ್ನು ದೂಷಿಸುವುದು ಸರಿಯಲ್ಲ.

ಗಾಯ ಮಾಯುವ ಕ್ರಮವೂ ಗಮನಾರ್ಹವಾದುದು. ಹಲ್ಲು ಕಿತ್ತ ಕೂಡಲೇ ಕುಳಿಯಲ್ಲಿ ರಕ್ತ ತುಂಬಿ ಹೆಪ್ಪುಗಟ್ಟುತ್ತದೆ. ಈ ಹೆಪ್ಪೇ ಮುಂದಿನ ಎಲ್ಲಕ್ಕೂ ಅಡಿಪಾಯ. ಸುಮಾರು ಒಂದು ವಾರದಲ್ಲಿ ಅದರ ಸ್ಥಾನದಲ್ಲಿ ಮೃದುವಾದ ಹೊಸ ಅಂಗಾಂಶ ಬೆಳೆಯತೊಡಗುತ್ತದೆ. ಮೂರು ನಾಲ್ಕು ವಾರಗಳಲ್ಲಿ ಒಸಡು ಸಾಮಾನ್ಯವಾಗಿ ಮೇಲೆ ಕೂಡಿಕೊಳ್ಳುತ್ತದೆ. ಒಳಗೆ ಎಲುಬು ತುಂಬಲು ಕೆಲವು ತಿಂಗಳು ಬೇಕು. ಅದು ಗಟ್ಟಿಯಾಗಿ ರೂಪ ತಳೆಯಲು 6 ತಿಂಗಳಿಗೂ ಹೆಚ್ಚು ಕಾಲ ಹಿಡಿಯಬಹುದು. ಎಲುಬಿನ ಚೂರುಗಳು ಹೆಚ್ಚಾಗಿ ಮೊದಲ ಕೆಲವು ವಾರಗಳಲ್ಲಿ ಕಾಣಿಸಿಕೊಳ್ಳುತ್ತವೆ.

ಚೂರು ಚಿಕ್ಕದಿದ್ದು, ಬಾವು, ಕೀವು, ಜ್ವರ ಇಲ್ಲದಿದ್ದರೆ ಗಾಬರಿ ಬೇಡ. ಉಗುರುಬೆಚ್ಚಗಿನ ಉಪ್ಪುನೀರಿನಿಂದ ಬಾಯಿ ಮುಕ್ಕಳಿಸುತ್ತಿದ್ದರೆ ಎಷ್ಟೋ ಸಲ ಅದು ತಾನಾಗಿಯೇ ಬಿದ್ದುಹೋಗುತ್ತದೆ. ನಾಲಿಗೆಗೆ ಗೀರುತ್ತಿದ್ದರೆ, ನೋವು ಹೆಚ್ಚುತ್ತಿದ್ದರೆ ಅಥವಾ ಕೆಲವು ದಿನಗಳಲ್ಲಿ ಬೀಳದಿದ್ದರೆ ದಂತವೈದ್ಯರ ಬಳಿಗೆ ಹೋಗಬೇಕು. ಅವರು ಆ ಜಾಗವನ್ನು ಮರಗಟ್ಟಿಸಿ ಚಿಮುಟದಿಂದ ತೆಗೆಯುತ್ತಾರೆ, ಇಲ್ಲವೇ ಚೂಪಾದ ಅಂಚನ್ನು ಉಜ್ಜಿ ನಯಗೊಳಿಸುತ್ತಾರೆ. ಮನೆಯಲ್ಲಿ ಸೂಜಿ, ಪಿನ್ನು, ಕಡ್ಡಿಗಳಿಂದ ಕೆದಕಿದರೆ ಗಾಯ ನಂಜೇರುತ್ತದೆ.

ಇದಕ್ಕಿಂತ ಬೇರೆಯಾದ ತೊಂದರೆಯೊಂದಿದೆ. ಹಲ್ಲು ಕಿತ್ತ ಮೂರನೆಯ ಅಥವಾ ನಾಲ್ಕನೆಯ ದಿನ ನೋವು ಇಳಿಯುವ ಬದಲು ಏರುತ್ತದೆ, ಕಿವಿಯವರೆಗೆ ಸೆಳೆಯುತ್ತದೆ, ಬಾಯಿ ದುರ್ವಾಸನೆ ಬರುತ್ತದೆ. ಹೆಪ್ಪು ಕಳಚಿ ಎಲುಬು ಬರಿದಾಗಿದೆ ಎಂಬುದರ ಲಕ್ಷಣವಿದು. ವೈದ್ಯರು ಇದನ್ನು ಡ್ರೈ ಸಾಕೆಟ್ ಎನ್ನುತ್ತಾರೆ. ಬೀಡಿ, ಸಿಗರೇಟು ಸೇದುವವರಲ್ಲಿ ಇದು ಹೆಚ್ಚು. ಅಂಗಡಿಯಿಂದ ಮಾತ್ರೆ ತಂದು ನುಂಗುತ್ತ ಕೂರದೆ ವೈದ್ಯರಲ್ಲಿಗೆ ಹೋದರೆ, ಅವರು ಕುಳಿಯನ್ನು ತೊಳೆದು ಔಷಧದ ಪಟ್ಟಿ ಇಡುತ್ತಾರೆ. ನೋವು ಬೇಗನೆ ತಗ್ಗುತ್ತದೆ.

ನಮ್ಮ ಮನೆಗಳ ಹಿರಿಯರು ವಿಶೇಷವಾಗಿ ಗಮನಿಸಬೇಕಾದ ಸಂಗತಿಯೊಂದುಂಟು. ಎಲುಬಿನ ಸವೆತಕ್ಕೆ ಕೊಡುವ ಅಲೆಂಡ್ರೊನೇಟ್ ಮಾತ್ರೆ, ಜೋಲೆಡ್ರೋನಿಕ್ ಆಸಿಡ್ ಅಥವಾ ಡೆನೊಸುಮ್ಯಾಬ್ ಚುಚ್ಚುಮದ್ದು ಪಡೆದವರಲ್ಲಿ, ಅಪರೂಪವಾಗಿಯಾದರೂ, ಹಲ್ಲು ಕಿತ್ತ ಜಾಗದ ಎಲುಬು ಮಾಯದೆ ಸತ್ತುಹೋಗಬಹುದು. ಕ್ಯಾನ್ಸರ್ ಚಿಕಿತ್ಸೆಯ ಭಾಗವಾಗಿ ಈ ಔಷಧಗಳನ್ನು ಹೆಚ್ಚಿನ ಪ್ರಮಾಣದಲ್ಲಿ ಪಡೆದವರಿಗೆ, ದವಡೆಗೆ ವಿಕಿರಣ ಚಿಕಿತ್ಸೆ ಆದವರಿಗೆ ಅಪಾಯ ಇನ್ನೂ ಹೆಚ್ಚು. ವರ್ಷಕ್ಕೊಮ್ಮೆ ಹಾಕಿಸಿಕೊಂಡ ಚುಚ್ಚುಮದ್ದನ್ನು ಹಿರಿಯರು ಮರೆತಿರುತ್ತಾರೆ. ಆದ್ದರಿಂದ ಜೊತೆಗೆ ಹೋಗುವ ಮಕ್ಕಳು ಹಳೆಯ ಚೀಟಿಗಳನ್ನೆಲ್ಲ ಒಯ್ಯಬೇಕು. ಮಧುಮೇಹ ಹತೋಟಿಯಲ್ಲಿಲ್ಲದಿದ್ದರೆ ಗಾಯ ತಡವಾಗಿ ಮಾಯುತ್ತದೆ. ಹೃದ್ರೋಗಕ್ಕಾಗಿ ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಅದನ್ನು ತಾವಾಗಿ ನಿಲ್ಲಿಸಬಾರದು. ಮೊದಲು ವೈದ್ಯರಿಗೆ ತಿಳಿಸಬೇಕು.

ಇನ್ನೊಂದು ಮಾತನ್ನು ಸಂಕೋಚವಿಲ್ಲದೆ ಹೇಳಬೇಕಾಗಿದೆ. ತಂಬಾಕು, ಗುಟ್ಕಾ, ಅಡಿಕೆ ಜಗಿಯುವ ರೂಢಿಯುಳ್ಳವರಲ್ಲಿ ಹಲ್ಲೊಂದು ಕಾರಣವಿಲ್ಲದೆ ಅಲುಗಾಡಿ, ಅದನ್ನು ಕೀಳಿಸಿದ ಮೇಲೆ ಗಾಯ ವಾರಗಟ್ಟಲೆ ಮಾಯದೆ ಉಳಿದರೆ, ಅದು ಬಾಯಿಯ ಕ್ಯಾನ್ಸರಿನ ಕುರುಹೂ ಆಗಿರಬಹುದು. ಮೂರು ವಾರ ಕಳೆದರೂ ಗಾಯ ಕೂಡಿಕೊಳ್ಳುವ ಲಕ್ಷಣ ತೋರದೆ ಹುಣ್ಣಾಗಿ ಉಳಿದರೆ, ಒಸಡು ಗಂಟಾಗಿ ಬೆಳೆದರೆ, ತುಟಿ ಜೋಮು ಹಿಡಿದರೆ ಎಲುಬಿನ ಚೂರಿರಬೇಕೆಂದು ಸಮಾಧಾನ ಮಾಡಿಕೊಂಡು ಕೂರಬಾರದು. ಆ ಗಾಯದ ಚಿಕ್ಕ ತುಣುಕನ್ನು ಪರೀಕ್ಷಿಸಿದರೆ ನಿಜ ತಿಳಿಯುತ್ತದೆ. ಬೇಗ ತಿಳಿದಷ್ಟೂ ಚಿಕಿತ್ಸೆ ಸುಲಭ.

ಹಲ್ಲು ಕೀಳಿಸಿದ ದಿನ ಅನುಸರಿಸಬೇಕಾದ ನಿಯಮಗಳು ಕೆಲವೇ. ವೈದ್ಯರು ಇಟ್ಟ ಬಟ್ಟೆಯನ್ನು ಅರ್ಧದಿಂದ ಮುಕ್ಕಾಲು ಗಂಟೆ ಕಚ್ಚಿ ಹಿಡಿಯಬೇಕು. ಮೊದಲ 24 ಗಂಟೆ ಜೋರಾಗಿ ಉಗುಳುವುದು, ಮುಕ್ಕಳಿಸುವುದು, ಕೊಳವೆಯಿಂದ ಹೀರುವುದು ಬೇಡ; ಇವುಗಳಿಂದ ಹೆಪ್ಪು ಕಳಚುತ್ತದೆ. ಮರುದಿನದಿಂದ ಒಂದು ಲೋಟ ಬೆಚ್ಚನೆಯ ನೀರಿಗೆ ಅರ್ಧ ಚಮಚ ಉಪ್ಪು ಬೆರೆಸಿ, ಊಟವಾದ ಮೇಲೆ ಮೆಲ್ಲನೆ ಬಾಯಿ ತೊಳೆಯಬೇಕು. ಆರಿದ ಗಂಜಿ, ಮೊಸರನ್ನ, ಹಾಲಿನಲ್ಲಿ ನೆನೆಸಿದ ರೊಟ್ಟಿ ಉತ್ತಮ. ಗಟ್ಟಿ ರೊಟ್ಟಿ, ಚುರುಮುರಿ, ಖಾರದ ಚಟ್ನಿ ಕೆಲವು ದಿನ ದೂರವಿರಲಿ. ನೋವೆಂದು ಕುಳಿಗೆ ತಂಬಾಕಿನ ಪುಡಿ, ಸುಣ್ಣ ತುಂಬುವ ಪದ್ಧತಿಯನ್ನು ಪೂರ್ಣವಾಗಿ ಕೈಬಿಡಬೇಕು. ಸುಣ್ಣ ಹಸಿಗಾಯವನ್ನು ಸುಡುತ್ತದೆ.

ದೇಹವು ತನ್ನ ಗಾಯವನ್ನು ತಾನೇ ಮಾಯಿಸಿಕೊಳ್ಳಬಲ್ಲದು. ಅದಕ್ಕೆ ಅಡ್ಡಿ ಮಾಡದಿರುವುದು, ಅದು ಸೋತಾಗ ತಡಮಾಡದೆ ನೆರವು ಕೊಡಿಸುವುದು ನಮ್ಮ ಪಾಲಿನ ಕೆಲಸ. ಮನೆಯಲ್ಲಿ ಯಾರಾದರೂ ಹಲ್ಲು ಕೀಳಿಸಿಕೊಂಡಿದ್ದರೆ, ಮೂರು ವಾರದ ನಂತರ ಒಮ್ಮೆ ಬೆಳಕಿನಲ್ಲಿ ಬಾಯಿ ತೆರೆಸಿ ನೋಡೋಣ.