ಕ್ರೈಸ್ಟ್ ಚರ್ಚು ಮತ್ತು ಅದರ ಸಮಾಧಿಭೂಮಿ

ಇಂದು ನಾವು ಹೇಳಹೊರಟಿರುವುದು ಅಮೆರಿಕದ ಫಿಲಡೆಲ್ಫಿಯಾ ನಗರದ ಕ್ರೈಸ್ಟ್ ಚರ್ಚಿನ ವೃತ್ತಾಂತ. ಆಂಗ್ಲರ ಆಳಿಕೆಯಲ್ಲಿ, 1695ರಲ್ಲಿ ಸ್ಥಾಪಿತವಾದ ಈ ದೇವಾಲಯದಲ್ಲಿ ಇಂಗ್ಲೆಂಡಿನ ದೊರೆಗಾಗಿ ಪ್ರಾರ್ಥನೆ ಸಲ್ಲುತ್ತಿದ್ದಿತು. 1776ರ ಜುಲೈ 4ರಂದು ಸ್ವಾತಂತ್ರ್ಯಘೋಷಣೆಯಾಗಲು, ಆಡಳಿತಮಂಡಲಿಯು ಅಂದೇ ಕೂಡಿ ಅದನ್ನು ಕೈಬಿಟ್ಟಿತು. ಪ್ರಾರ್ಥನಾಗ್ರಂಥದಲ್ಲಿ ದೊರೆಯ ಹೆಸರಿನ ಮೇಲೆ ಗೀಟು ಬಿದ್ದಿತು. 1789ರಲ್ಲಿ ಇದೇ ನಗರದಲ್ಲಿ ಎಪಿಸ್ಕೋಪಲ್ ಸಭೆಯು ಸ್ವತಂತ್ರವಾಗಿ ಸಂಘಟಿತವಾಯಿತು.

ಚರ್ಚು 1719ರಲ್ಲಿ ಕೊಂಡ ಸಮಾಧಿಭೂಮಿಯಲ್ಲಿ, ಬೆಂಜಮಿನ್ ಫ್ರಾಂಕ್ಲಿನ್ ಸೇರಿದಂತೆ ಆ ಘೋಷಣೆಗೆ ಅಂಕಿತ ಹಾಕಿದ ಐವರು ಮಲಗಿದ್ದಾರೆ, ಸುತ್ತಲೂ ಸಾಮಾನ್ಯರು. ಮಳೆಗಾಳಿಗೆ ಕಲ್ಲಿನ ಅಕ್ಷರಗಳು ಸವೆಯುತ್ತಿರಲು, ಅವನ್ನು ಪ್ರತಿಮಾಡಿ 1864ರಲ್ಲಿ ಅಚ್ಚುಹಾಕಿಸಲಾಯಿತು. ಅನೇಕ ಕಲ್ಲುಗಳು ಇಂದು ಬರಿದಾಗಿವೆ; ಹೆಸರುಗಳು ಪುಸ್ತಕದಲ್ಲಿ ಉಳಿದಿವೆ. ದೊರೆಯ ಹೆಸರನ್ನು ಹೊಡೆದುಹಾಕಿದ ಲೇಖನಿಯನ್ನು ಚರಿತ್ರೆ ಕೊಂಡಾಡುತ್ತದೆ. ಪ್ರಜೆಗಳ ಹೆಸರನ್ನು ಉಳಿಸಿದ ಲೇಖನಿಯನ್ನೂ ನಾವು ನೆನೆಯತಕ್ಕದ್ದು.